ಮೀನೆಣ್ಣೆ ಮಾತ್ರೆ ನುಂಗಿದರೆ ಟ್ರೈಗ್ಲಿಸರೈಡ್ ಇಳಿಯುತ್ತಾ?

ಪ್ರಶ್ನೆ: ನನಗೆ 48 ವರ್ಷ. ದಾವಣಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ, ದಿನವಿಡೀ ಗಲ್ಲಾಪೆಟ್ಟಿಗೆ ಮುಂದೆ ಕೂತಿರುತ್ತೇನೆ. ಎರಡು ವರ್ಷದಿಂದ ಶುಗರ್‌ಗೆ ಮಾತ್ರೆ ತಗೊಳ್ಳುತ್ತಿದ್ದೇನೆ. ಕಳೆದ ತಿಂಗಳ ರಿಪೋರ್ಟ್‌ನಲ್ಲಿ ಒಟ್ಟು ಕೊಲೆಸ್ಟ್ರಾಲ್ 238, ಟ್ರೈಗ್ಲಿಸರೈಡ್ 312, ಎಚ್‌ಡಿಎಲ್ 35, ಎಲ್‌ಡಿಎಲ್ 141 ಬಂದಿದೆ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 8.1 ಇದೆ. ಡಾಕ್ಟರು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದಿದ್ದಾರೆ, ಇನ್ನೂ ಶುರು ಮಾಡಿಲ್ಲ. ಅಷ್ಟರಲ್ಲಿ ಅಕ್ಕನ ಮಗ ಅಮೆರಿಕದಿಂದ ಮೀನೆಣ್ಣೆ ಕ್ಯಾಪ್ಸೂಲಿನ ದೊಡ್ಡ ಡಬ್ಬಿ ತಂದುಕೊಟ್ಟಿದ್ದಾನೆ. ಸ್ಟ್ಯಾಟಿನ್ ಬದಲು ಇದನ್ನೇ ತಗೊಂಡರೆ ಸಾಕಲ್ವಾ? ನಾವು ಮೀನು-ಮಾಂಸ ತಿನ್ನುವವರಲ್ಲ. ಔಷಧಿ ಅಂದುಕೊಂಡು ನುಂಗಿದರೆ ತಪ್ಪಿಲ್ಲ ಅಂತ ನನಗನಿಸುತ್ತದೆ. ಆದರೆ ಮನೆಯಾಕೆ ಒಪ್ಪುತ್ತಿಲ್ಲ, ಅಗಸೆ ತಿಂದರೂ ಅದೇ ಸಿಗುತ್ತದೆ ಅನ್ನುತ್ತಾಳೆ. ವಾರಕ್ಕೆ ಎರಡು ಸಲ ಗೆಳೆಯರ ಜೊತೆ ಡ್ರಿಂಕ್ಸ್ ತಗೊಳ್ಳುತ್ತೇನೆ, ಅದನ್ನೂ ಹೇಳಿಬಿಡುತ್ತೇನೆ.

ಉತ್ತರ: ಮುಚ್ಚಿಡದೆ ಎಲ್ಲ ಬರೆದಿದ್ದೀರಿ, ಕೊನೆಯ ಮಾತನ್ನೂ ಸೇರಿಸಿ. ಅದರಿಂದ ಉತ್ತರ ಕೊಡುವುದು ಸುಲಭವಾಯಿತು. ಮೊದಲು ಮುಖ್ಯವಾದದ್ದನ್ನು ಹೇಳಿಬಿಡುತ್ತೇನೆ. ಸ್ಟ್ಯಾಟಿನ್ ಬದಲು ಮೀನೆಣ್ಣೆ ಬೇಡ. ನಿಮ್ಮ ಡಾಕ್ಟರು ಬರೆದ ಮಾತ್ರೆಯನ್ನು ಅವರ ಜೊತೆ ಇನ್ನೊಮ್ಮೆ ಮಾತಾಡಿ ಶುರು ಮಾಡಿ. ಡಬ್ಬಿಯ ವಿಷಯ ಆಮೇಲೆ ನೋಡೋಣ.

ನಿಮ್ಮ ರಿಪೋರ್ಟ್‌ನಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಒಂದು ಎಲ್‌ಡಿಎಲ್, ಇನ್ನೊಂದು ಟ್ರೈಗ್ಲಿಸರೈಡ್. ಎರಡನ್ನೂ ಸೇರಿಸಿ ಜನ 'ಕೊಲೆಸ್ಟ್ರಾಲ್ ಜಾಸ್ತಿ' ಅಂದುಬಿಡುತ್ತಾರೆ. ಗೊಂದಲ ಶುರುವಾಗುವುದೇ ಅಲ್ಲಿ. ಎಲ್‌ಡಿಎಲ್ ಅಂದರೆ ರಕ್ತನಾಳದ ಗೋಡೆಯೊಳಗೆ ನುಗ್ಗಿ ಕೂತು, ವರ್ಷಗಟ್ಟಲೆ ಅಲ್ಲೇ ಗಟ್ಟಿಯಾಗುವ ಕೊಲೆಸ್ಟ್ರಾಲ್. ಟ್ರೈಗ್ಲಿಸರೈಡ್ ಅಂದರೆ ಉರಿಸಲು ಇಟ್ಟುಕೊಂಡ ಕೊಬ್ಬು. ಊಟದಲ್ಲಿ ಬಂದದ್ದು ಸ್ವಲ್ಪ, ಲಿವರ್ ತಾನೇ ತಯಾರಿಸಿ ರಕ್ತಕ್ಕೆ ಬಿಡುವುದು ಬಹಳ.

ಟ್ರೈಗ್ಲಿಸರೈಡ್ 150ರ ಒಳಗಿದ್ದರೆ ಸರಿ. 150ರಿಂದ 199 ಗಡಿಯಲ್ಲಿದೆ ಅಂತ ಅರ್ಥ. 200ರಿಂದ 499 ಜಾಸ್ತಿ. 500 ದಾಟಿದರೆ ತುಂಬಾ ಜಾಸ್ತಿ. ನಿಮ್ಮದು ಮೂರನೆಯ ಮನೆಯಲ್ಲಿದೆ. ಈ ಮನೆ ಯಾವುದು ಅನ್ನುವುದು ತುಂಬಾ ಮುಖ್ಯ. ಯಾಕೆ ಅಂತ ಒಂದು ಘಟನೆಯಿಂದ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಲ್ಯಾಬಿನ ಹುಡುಗ ಫೋನ್ ಮಾಡಿ "ಸರ್, ಒಮ್ಮೆ ಬಂದು ನೋಡ್ತೀರಾ" ಅಂದ. ರಕ್ತವನ್ನು ಯಂತ್ರದಲ್ಲಿ ತಿರುಗಿಸಿದರೆ ಕೆಂಪು ಭಾಗ ತಳಕ್ಕೆ ಇಳಿಯುತ್ತದೆ. ಮೇಲೆ ತೆಳು ಹಳದಿ ನೀರು ನಿಲ್ಲುತ್ತದೆ, ಆ ಕಡೆ ಹಿಡಿದ ಬೆರಳು ಈ ಕಡೆ ಕಾಣುವಷ್ಟು ತಿಳಿ. ಅವತ್ತು ಟ್ಯೂಬಿನಲ್ಲಿ ನಿಂತದ್ದು ಹಾಲು. ನಿಜಕ್ಕೂ ಹಾಲಿನಂತೆ ಬೆಳ್ಳಗೆ, ಮೇಲೆ ಕೆನೆ ಕಟ್ಟಿದ ಹಾಗೆ ಒಂದು ಪದರ. ಆ ಮನುಷ್ಯನ ಟ್ರೈಗ್ಲಿಸರೈಡ್ 3,000ದ ಮೇಲಿತ್ತು. ಹೊಟ್ಟೆ ಹಿಡಿದುಕೊಂಡು, ಮುಂದಕ್ಕೆ ಬಾಗಿ ಒಳಗೆ ಬಂದಿದ್ದರು. ಮೇದೋಜೀರಕ ಗ್ರಂಥಿ ಊದಿಕೊಂಡಿತ್ತು. ಹತ್ತು ದಿನ ಆಸ್ಪತ್ರೆಯಲ್ಲಿದ್ದು ಉಳಿದರು.

ಟ್ರೈಗ್ಲಿಸರೈಡ್ 500 ದಾಟಿದ ಮೇಲೆ, ಅದರಲ್ಲೂ 1,000 ದಾಟಿದ ಮೇಲೆ ನಮಗೆ ಮೊದಲು ಭಯವಾಗುವುದು ಈ ಗ್ರಂಥಿಗೆ. ಮೀನೆಣ್ಣೆ ಔಷಧಿಯಾಗಿ ಒಳಗೆ ಬಂದದ್ದೂ ಇಲ್ಲಿಂದಲೇ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ, ಮೀನೆಣ್ಣೆಯಲ್ಲಿರುವ ಒಮೆಗಾ-3 ಎಂಬ ಕೊಬ್ಬನ್ನು ಶುದ್ಧ ಮಾಡಿದ ಕ್ಯಾಪ್ಸೂಲಿಗೆ ಒಪ್ಪಿಗೆ ಕೊಟ್ಟದ್ದು 500 ಮತ್ತು ಅದಕ್ಕಿಂತ ಮೇಲಿನವರಿಗೆ. ಅದು ಲಿವರ್ ಕೊಬ್ಬು ತಯಾರಿಸಿ ರಕ್ತಕ್ಕೆ ಬಿಡುವುದನ್ನು ತಗ್ಗಿಸುತ್ತದೆ, ರಕ್ತದಲ್ಲಿರುವ ಕೊಬ್ಬು ಬೇಗ ಖಾಲಿಯಾಗುವಂತೆ ಮಾಡುತ್ತದೆ. ದಿನಕ್ಕೆ 4 ಗ್ರಾಂ ಕೊಟ್ಟರೆ ಟ್ರೈಗ್ಲಿಸರೈಡ್ ಸಾಮಾನ್ಯವಾಗಿ ಶೇ 20ರಿಂದ 30ರಷ್ಟು ಇಳಿಯುತ್ತದೆ. ತುಂಬಾ ಏರಿದ್ದವರಲ್ಲಿ ಇನ್ನೂ ಹೆಚ್ಚು. ಹಾಗಾಗಿ ಮೀನೆಣ್ಣೆಗೆ ಟ್ರೈಗ್ಲಿಸರೈಡ್ ಇಳಿಸುವ ಶಕ್ತಿ ಇರುವುದು ಸುಳ್ಳಲ್ಲ. ಆದರೆ ಆ 4 ಗ್ರಾಂ ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ಈಗ ನಿಮ್ಮ ಡಬ್ಬಿ ಕೈಗೆ ತಗೊಳ್ಳಿ. ಮುಂದೆ ದೊಡ್ಡದಾಗಿ 1000 ಮಿ.ಗ್ರಾಂ ಅಂತಲೋ 1200 ಅಂತಲೋ ಇರುತ್ತದೆ. ಅದು ಎಣ್ಣೆಯ ತೂಕ, ಅಷ್ಟೆ. ಡಬ್ಬಿ ತಿರುಗಿಸಿ. ಹಿಂದಿನ ಸಣ್ಣ ಅಕ್ಷರಗಳಲ್ಲಿ ಇಪಿಎ ಮತ್ತು ಡಿಎಚ್‌ಎ ಅಂತ ಎರಡು ಸಾಲು ಹುಡುಕಿ. ಕೆಲಸ ಮಾಡುವುದು ಈ ಎರಡು ಒಮೆಗಾ-3ಗಳೇ. ಮಾಮೂಲಿ 1000 ಮಿ.ಗ್ರಾಂ ಕ್ಯಾಪ್ಸೂಲಿನಲ್ಲಿ ಇಪಿಎ 180, ಡಿಎಚ್‌ಎ 120, ಎರಡೂ ಸೇರಿ 300 ಮಿ.ಗ್ರಾಂ ಇರುತ್ತದೆ. ಉಳಿದ 700 ಬೇರೆ ಕೊಬ್ಬು. ಇನ್ನೊಂದು ಮಾತು, 'ಒಂದು ಸರ್ವಿಂಗ್' ಅಂದರೆ ಎಷ್ಟು ಕ್ಯಾಪ್ಸೂಲ್ ಅಂತಲೂ ಅಲ್ಲೇ ಬರೆದಿರುತ್ತಾರೆ. ಕೆಲವು ಡಬ್ಬಿಗಳಲ್ಲಿ ಅದು ಎರಡು, ಕೆಲವದರಲ್ಲಿ ಮೂರು. ಅದನ್ನು ನೋಡದೆ ಲೆಕ್ಕ ಹಾಕಿದರೆ ಲೆಕ್ಕ ತಪ್ಪುತ್ತದೆ.

300ರಂತೆ 4 ಗ್ರಾಂ ಮುಟ್ಟಬೇಕಾದರೆ ದಿನಕ್ಕೆ 13-14 ಕ್ಯಾಪ್ಸೂಲ್ ನುಂಗಬೇಕು. ಅಷ್ಟು ನುಂಗಿದರೆ ದಿನಕ್ಕೆ ಹೆಚ್ಚುಕಡಿಮೆ ಮೂರು ಚಹಾ ಚಮಚ ಎಣ್ಣೆ ಕುಡಿದ ಹಾಗೆ. ನಿಮ್ಮ ಅಕ್ಕನ ಮಗ ಪ್ರೀತಿಯಿಂದ ತಂದದ್ದನ್ನು ನಾನು ಹಳಿಯುತ್ತಿಲ್ಲ. ದಿನಕ್ಕೆ ಒಂದೋ ಎರಡೋ ತಗೊಂಡು ಟ್ರೈಗ್ಲಿಸರೈಡ್ 312ರಿಂದ ಇಳಿಯುತ್ತದೆ ಅಂತ ಕಾಯುವುದು ವ್ಯರ್ಥ ಅಂತ ಹೇಳುತ್ತಿದ್ದೇನೆ. ಜೊತೆಗೆ, ಅಮೆರಿಕದಲ್ಲೂ ಇಂಥ ಡಬ್ಬಿಗಳು ಔಷಧಿ ಅಂತ ಮಾರಾಟ ಆಗುವುದಿಲ್ಲ. ಅವು ಆಹಾರ ಪೂರಕಗಳು. ಮಾರಾಟಕ್ಕೆ ಬರುವ ಮೊದಲು ಎಫ್‌ಡಿಎ ಅವನ್ನು ಔಷಧಿಯ ಹಾಗೆ ಪರೀಕ್ಷಿಸಿ ಒಪ್ಪಿಗೆ ಕೊಡುವುದಿಲ್ಲ. ನಮ್ಮಲ್ಲೂ ಅಂಗಡಿಯಲ್ಲಿ ಸಿಗುವ ಮೀನೆಣ್ಣೆ ಆಹಾರದ ಲೈಸೆನ್ಸಿನ ಕೆಳಗೇ ಬರುತ್ತದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2019ರಲ್ಲಿ ಇದನ್ನು ಬಿಡಿಸಿ ಹೇಳಿತು. ಟ್ರೈಗ್ಲಿಸರೈಡ್ ಇಳಿಸಲು ವೈದ್ಯರು ಬರೆಯುವ 4 ಗ್ರಾಂ ಒಮೆಗಾ-3 ಕೆಲಸ ಮಾಡುತ್ತದೆ, ಅದರ ಜಾಗಕ್ಕೆ ಪೂರಕದ ಕ್ಯಾಪ್ಸೂಲ್ ಬಳಸಬೇಡಿ ಅಂತ.

ಕಾಡ್ ಲಿವರ್ ಎಣ್ಣೆಯೂ ಇದೇ ಅಂತ ಹಲವರು ತಿಳಿದಿದ್ದಾರೆ. ಅದು ಮೀನಿನ ಲಿವರ್‌ನ ಎಣ್ಣೆ, ಅದರಲ್ಲಿ ಎ ಮತ್ತು ಡಿ ವಿಟಮಿನ್ ಜಾಸ್ತಿ ಇರುತ್ತದೆ. ಒಮೆಗಾ-3 ಬೇಕು ಅಂತ ಅದನ್ನು ಹತ್ತಾರು ನುಂಗಿದರೆ ವಿಟಮಿನ್ ಎ ಮೈಗೆ ವಿಷವಾಗುತ್ತದೆ. ದಯವಿಟ್ಟು ಬೇಡ.

ಇನ್ನು ನೀವು ಕೇಳಿದ ಅಸಲು ಪ್ರಶ್ನೆ, ಸ್ಟ್ಯಾಟಿನ್ ಬದಲು ಆಗುತ್ತಾ ಅನ್ನುವುದು. ಇದನ್ನು ನೇರವಾಗಿ ಹೋಲಿಸಿ ನೋಡಿದ್ದಾರೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು 2022ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಸುಮಾರು 190 ಜನ. ಕೆಲವರಿಗೆ ರೋಸುವಾಸ್ಟಾಟಿನ್ ಅನ್ನುವ ಸ್ಟ್ಯಾಟಿನ್ ಕೇವಲ 5 ಮಿ.ಗ್ರಾಂ ಕೊಟ್ಟರು. ಉಳಿದವರಿಗೆ ಬೇರೆ ಬೇರೆ ಗುಂಪು ಮಾಡಿ ಮೀನೆಣ್ಣೆ, ದಾಲ್ಚಿನ್ನಿ, ಬೆಳ್ಳುಳ್ಳಿ, ಅರಿಶಿನ ಇತ್ಯಾದಿ ಕೊಟ್ಟರು, ಒಂದು ಗುಂಪಿಗೆ ಔಷಧಿಯೇ ಇಲ್ಲದ ಮಾತ್ರೆ. 28 ದಿನ ಆದ ಮೇಲೆ ಸ್ಟ್ಯಾಟಿನ್ ತಗೊಂಡವರ ಎಲ್‌ಡಿಎಲ್ ಸುಮಾರು ಶೇ 38ರಷ್ಟು ಇಳಿದಿತ್ತು. ಮೀನೆಣ್ಣೆಯ ಗುಂಪಿಗೂ ಖಾಲಿ ಮಾತ್ರೆಯ ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇನ್ನೂ ಒಂದಿದೆ. ಡಿಎಚ್‌ಎ ಇರುವ ಮೀನೆಣ್ಣೆಯನ್ನು ಜಾಸ್ತಿ ಪ್ರಮಾಣದಲ್ಲಿ ಕೊಟ್ಟಾಗ ಟ್ರೈಗ್ಲಿಸರೈಡ್ ತುಂಬಾ ಏರಿದ್ದ ಕೆಲವರಲ್ಲಿ ಎಲ್‌ಡಿಎಲ್ ಮೇಲಕ್ಕೆ ಹೋಗುತ್ತದೆ.

ನಿಮಗೆ ಶುಗರ್ ಇದೆ, ವಯಸ್ಸು 40 ದಾಟಿದೆ, ಎಲ್‌ಡಿಎಲ್ 141. ಹೃದಯಕ್ಕೆ ಸ್ಟ್ಯಾಟಿನ್ ಬೇಕು ಅನ್ನಲು ಇಷ್ಟು ಸಾಕು. ಎಲ್‌ಡಿಎಲ್ ಸುಮಾರು 39 ಇಳಿದರೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಥರದ ದೊಡ್ಡ ತೊಂದರೆಗಳು ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತವೆ. ಲಕ್ಷಾಂತರ ಜನರ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ಕಂಡುಕೊಂಡ ಮಾತು ಇದು. ಸ್ಟ್ಯಾಟಿನ್ ಟ್ರೈಗ್ಲಿಸರೈಡನ್ನೂ ಸ್ವಲ್ಪ ಇಳಿಸುತ್ತದೆ. ಮೈಕೈ ನೋವು ಬರುತ್ತದೆ ಅಂತ ಯಾರೋ ಹೇಳಿದ್ದಕ್ಕೆ ನೀವು ಹಿಂಜರಿಯುತ್ತಿದ್ದರೆ ಅದನ್ನು ಡಾಕ್ಟರ ಬಳಿ ಬಾಯಿಬಿಟ್ಟು ಹೇಳಿ. ನೋವು ಬಂದರೆ ಪ್ರಮಾಣ ಕಡಿಮೆ ಮಾಡಬಹುದು, ಮಾತ್ರೆ ಬದಲಿಸಬಹುದು. ಡ್ರಾಯರಿನಲ್ಲಿ ಇಟ್ಟ ಚೀಟಿಯಿಂದ ಯಾರಿಗೂ ಉಪಯೋಗ ಇಲ್ಲ.

ಹಾಗಾದರೆ ಮೀನೆಣ್ಣೆ ಹೃದಯಕ್ಕೆ ಒಳ್ಳೆಯದು ಅನ್ನುವ ಮಾತು ಎಲ್ಲಿಂದ ಬಂತು? ಗ್ರೀನ್‌ಲ್ಯಾಂಡ್‌ನಿಂದ. 1970ರ ದಶಕದ ಶುರುವಿನಲ್ಲಿ ಬ್ಯಾಂಗ್ ಮತ್ತು ಡೈರ್‌ಬರ್ಗ್ ಎಂಬ ಡೆನ್ಮಾರ್ಕಿನ ಇಬ್ಬರು ಸಂಶೋಧಕರು ಅಲ್ಲಿನ ಇನ್ಯುಟ್ ಜನರ ರಕ್ತ ಪರೀಕ್ಷಿಸಿದರು. ಮೀನು, ಸೀಲ್ ಮಾಂಸ ತಿಂದು ಬದುಕುವ ಅವರಲ್ಲಿ ಟ್ರೈಗ್ಲಿಸರೈಡ್ ಕಡಿಮೆ ಇತ್ತು. ಅಲ್ಲಿಂದ ಕುತೂಹಲ ಬೆಳೆಯಿತು. 1999ರಲ್ಲಿ ಇಟಲಿಯಲ್ಲಿ ಹಾರ್ಟ್ ಅಟ್ಯಾಕ್ ಆಗಿದ್ದ 11,000ಕ್ಕೂ ಹೆಚ್ಚು ಜನರಿಗೆ ದಿನಕ್ಕೆ ಒಂದು ಗ್ರಾಂ ಒಮೆಗಾ-3 ಕೊಟ್ಟಾಗ ಸಾವು ಕಡಿಮೆಯಾಯಿತು. ಆಗ ಇಂದಿನಷ್ಟು ಸ್ಟ್ಯಾಟಿನ್ ಬಳಕೆ ಇರಲಿಲ್ಲ ಅನ್ನುವುದನ್ನು ನೆನಪಿಡಬೇಕು.

ನಂತರದ ಕಥೆ ಬೇರೆ. ನಿಮಗೆ ಹತ್ತಿರವಾದ ಅಧ್ಯಯನ ಅಂದರೆ 2018ರಲ್ಲಿ ಪ್ರಕಟವಾದ ಅಸೆಂಡ್, ಬ್ರಿಟನ್ನಿನದು. ಅದರಲ್ಲಿದ್ದವರು 15,480 ಜನ. ಎಲ್ಲರಿಗೂ ಶುಗರ್ ಇತ್ತು, ಹೃದಯದ ಕಾಯಿಲೆ ಇರಲಿಲ್ಲ. ನಿಮ್ಮ ಹಾಗೆಯೇ ಅಲ್ವಾ? ಅರ್ಧ ಜನರಿಗೆ ದಿನಕ್ಕೊಂದು ಒಮೆಗಾ-3 ಕ್ಯಾಪ್ಸೂಲ್, ಇನ್ನರ್ಧ ಜನರಿಗೆ ಆಲಿವ್ ಎಣ್ಣೆ ತುಂಬಿದ ಕ್ಯಾಪ್ಸೂಲ್. ಏಳು ವರ್ಷಕ್ಕೂ ಮೇಲೆ ನೋಡಿದರು. ಮೀನೆಣ್ಣೆಯವರಲ್ಲಿ ಶೇ 8.9 ಜನರಿಗೆ, ಆಲಿವ್ ಎಣ್ಣೆಯವರಲ್ಲಿ ಶೇ 9.2 ಜನರಿಗೆ ಹೃದಯ ಅಥವಾ ರಕ್ತನಾಳದ ಗಂಭೀರ ತೊಂದರೆ ಬಂತು. ಅಂದರೆ ಎರಡೂ ಒಂದೇ. ಅದೇ 2018ರಲ್ಲಿ ಅಮೆರಿಕದ ವೈಟಲ್ ಎಂಬ 25,871 ಜನರ ಅಧ್ಯಯನವೂ ದಿನಕ್ಕೆ ಒಂದು ಗ್ರಾಂನಿಂದ ದೊಡ್ಡ ಲಾಭ ಕಾಣಲಿಲ್ಲ.

ಲಾಭ ಕಂಡದ್ದು ರೆಡ್ಯೂಸ್-ಇಟ್ ಎಂಬ ಅಧ್ಯಯನದಲ್ಲಿ, ಅದೂ 2018ರದೇ. ಅಲ್ಲಿ ಕೊಟ್ಟದ್ದು ಇಪಿಎ ಒಂದನ್ನೇ ಶುದ್ಧ ಮಾಡಿದ ಔಷಧಿ, ದಿನಕ್ಕೆ 4 ಗ್ರಾಂ. ತಗೊಂಡವರೆಲ್ಲ ಮೊದಲೇ ಸ್ಟ್ಯಾಟಿನ್ ಮೇಲಿದ್ದವರು. ಸ್ಟ್ಯಾಟಿನ್ ಜೊತೆಗೆ ಕೊಟ್ಟದ್ದು, ಅದರ ಬದಲಿಗೆ ಕೊಟ್ಟದ್ದಲ್ಲ. ಹೃದಯದ ತೊಂದರೆಗಳು ನಾಲ್ಕನೇ ಒಂದು ಪಾಲು ಕಡಿಮೆಯಾದವು. ಆದರೆ ಹೋಲಿಕೆಗೆ ಬಳಸಿದ ಎಣ್ಣೆ ಖನಿಜ ಎಣ್ಣೆ. ಅದನ್ನು ತಗೊಂಡವರ ಎಲ್‌ಡಿಎಲ್ ಏರಿತ್ತು. ಹಾಗಾಗಿ ಲಾಭ ಎಷ್ಟು ನಿಜ, ಎಷ್ಟು ಆ ಎಣ್ಣೆಯ ದೋಷ ಅಂತ ಇವತ್ತಿಗೂ ವಾದ ನಡೆಯುತ್ತಿದೆ. ಎರಡು ವರ್ಷ ಬಿಟ್ಟು ಬಂದ ಸ್ಟ್ರೆಂತ್ ಅಧ್ಯಯನದಲ್ಲಿ ಇಪಿಎ, ಡಿಎಚ್‌ಎ ಎರಡನ್ನೂ ಸೇರಿಸಿ 4 ಗ್ರಾಂ ಕೊಟ್ಟರು, ಹೋಲಿಕೆಗೆ ಮೆಕ್ಕೆಜೋಳದ ಎಣ್ಣೆ. 13,000ಕ್ಕೂ ಹೆಚ್ಚು ಜನ. ಲಾಭ ಕಾಣಲಿಲ್ಲ. ನನ್ನ ತೀರ್ಮಾನ ಕೇಳಿದರೆ, ಶುದ್ಧ ಇಪಿಎ ಔಷಧಿಗೆ ಒಂದು ಜಾಗ ಇದೆ. ಹೃದಯದ ಕಾಯಿಲೆ ಇದ್ದು, ಸ್ಟ್ಯಾಟಿನ್‌ನಿಂದ ಎಲ್‌ಡಿಎಲ್ ಹಿಡಿತಕ್ಕೆ ಬಂದ ಮೇಲೂ ಟ್ರೈಗ್ಲಿಸರೈಡ್ ಇಳಿಯದವರಿಗೆ. ಅದನ್ನು ನಿರ್ಧರಿಸಬೇಕಾದವರು ಹೃದಯದ ಡಾಕ್ಟರು. ಅಂಗಡಿಯ ಡಬ್ಬಿಗೆ ಆ ಲಾಭವನ್ನು ಅಂಟಿಸಲು ಬರುವುದಿಲ್ಲ.

ತೊಂದರೆಯೂ ಇದೆ, ಅದನ್ನು ಹೇಳಲೇಬೇಕು. ಮೀನು ವಾಸನೆಯ ತೇಗು, ಹೊಟ್ಟೆ ಸಡಿಲ ಆಗುವುದು ಸಣ್ಣ ವಿಷಯ. ದೊಡ್ಡದು ಏಟ್ರಿಯಲ್ ಫಿಬ್ರಿಲೇಷನ್. ಹೃದಯದ ಮೇಲಿನ ಕೋಣೆ ಲಯ ತಪ್ಪಿ ಅದುರುವ ಕಾಯಿಲೆ ಅದು. ರೆಡ್ಯೂಸ್-ಇಟ್, ಸ್ಟ್ರೆಂತ್ ಎರಡರಲ್ಲೂ ಔಷಧಿ ತಗೊಂಡವರಲ್ಲಿ ಅದು ನೂರಕ್ಕೆ ಒಬ್ಬರಷ್ಟು ಹೆಚ್ಚು ಕಾಣಿಸಿತು. ಪ್ರಮಾಣ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಹಾಗಾಗಿ ಎದೆ ಆಗಾಗ ಡವಡವ ಅನ್ನುವವರು, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಡಾಕ್ಟರಿಗೆ ಹೇಳದೆ ಮೀನೆಣ್ಣೆ ಮುಟ್ಟಬಾರದು.

ಮನೆಯವರ ಮಾತಿಗೆ ಬರುತ್ತೇನೆ. ಅಗಸೆಯಲ್ಲಿ ಒಮೆಗಾ-3 ಇದೆ, ಅವರು ಹೇಳಿದ್ದು ಸರಿ. ಆದರೆ ಅದು ಎಎಲ್‌ಎ ಅನ್ನುವ ಬೇರೆ ಜಾತಿಯದು. ನಮ್ಮ ಮೈ ಅದನ್ನು ಇಪಿಎ ಆಗಿ ಬದಲಿಸುವುದು ನೂರಕ್ಕೆ ಕೆಲವೇ ಪಾಲು, ಡಿಎಚ್‌ಎ ಆಗಿ ಬದಲಿಸುವುದು ಅದಕ್ಕಿಂತಲೂ ಕಡಿಮೆ. ಹಾಗಾಗಿ ಮೀನೆಣ್ಣೆಯ ಹಾಗೆ ಟ್ರೈಗ್ಲಿಸರೈಡ್ ಇಳಿಸುವ ಕೆಲಸ ಅದರಿಂದ ಆಗದು. ಹಾಗಂತ ಅಗಸೆ ಬಿಡಬೇಡಿ. ನಾರು ಇದೆ, ಎಲ್‌ಡಿಎಲ್‌ಗೆ ಸ್ವಲ್ಪ ಒಳ್ಳೆಯದು. ಇಡೀ ಬೀಜ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ, ಹುರಿದು ಪುಡಿ ಮಾಡಬೇಕು. ನಿಮ್ಮ ಕಡೆ ರೊಟ್ಟಿಗೆ ಹಚ್ಚಿಕೊಳ್ಳುವ ಅಗಸೆ ಚಟ್ನಿಪುಡಿ ಮಾಡುವುದೇ ಹಾಗೆ, ಅದು ಸರಿಯಾದ ದಾರಿ. ಮುಂದೆ ಎಂದಾದರೂ ಒಮೆಗಾ-3 ಬೇಕೇ ಬೇಕು ಅಂತ ಡಾಕ್ಟರು ಹೇಳಿದರೆ, ಪಾಚಿಯಿಂದ ತೆಗೆದ ಎಣ್ಣೆ ಸಿಗುತ್ತದೆ. ಮೀನಿಗೆ ಒಮೆಗಾ-3 ಬರುವುದೂ ಸಮುದ್ರದ ಸಣ್ಣ ಪಾಚಿಗಳಿಂದಲೇ. ಕ್ಯಾಪ್ಸೂಲಿನ ಹೊರಗಿನ ಜಿಲೆಟಿನ್ ಕೂಡ ಪ್ರಾಣಿಯ ಚರ್ಮ, ಮೂಳೆಯಿಂದ ಬಂದಿರಬಹುದು. ಮನೆಯವರಿಗೆ ಇದು ಮುಖ್ಯ ಅನಿಸಿದರೆ ಡಬ್ಬಿಯ ಮೇಲೆ ಅದನ್ನೂ ನೋಡಿ.

ನಾನು ಕರಾವಳಿಯವನು. ದೋಣಿಗೆ ಮೀನೆಣ್ಣೆ ಬಳಿದ ವಾಸನೆ ಮೂಗಿನಲ್ಲಿಟ್ಟುಕೊಂಡೇ ಬೆಳೆದವನು. ಮೀನು ತಿನ್ನುವ ಓದುಗರೂ ಇದನ್ನು ಓದುತ್ತಾರೆ, ಅವರಿಗಾಗಿ ನಾಲ್ಕು ಮಾತು. ಬೂತಾಯಿ, ಬಂಗುಡೆಯಂಥ ಅಗ್ಗದ ಮೀನುಗಳಲ್ಲೇ ಒಮೆಗಾ-3 ಚೆನ್ನಾಗಿದೆ. ಮಳೆಗಾಲ ಮುಗಿದ ಮೇಲೆ ಬರುವ ಕೊಬ್ಬಿದ ಬೂತಾಯಿಯಲ್ಲಂತೂ ಇನ್ನೂ ಚೆನ್ನ. ವಾರಕ್ಕೆ ಎರಡು ಸಲ ಪುಳಿಮುಂಚಿಯೋ ಸಾರೋ ಮಾಡಿಕೊಂಡು ತಿಂದರೆ ಹೃದಯಕ್ಕೆ ಒಳ್ಳೆಯದೇ. ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಆ ಲಾಭ ಉಳಿಯುವುದಿಲ್ಲ. ಮೀನಿನ ಜೊತೆ ತಟ್ಟೆಯಲ್ಲಿ ಗುಡ್ಡದಷ್ಟು ಕುಚಲಕ್ಕಿ ಅನ್ನ ಇದ್ದರೂ ಟ್ರೈಗ್ಲಿಸರೈಡ್ ಇಳಿಯುವುದಿಲ್ಲ. ಕರಾವಳಿಯಲ್ಲಿ ದಿನಾ ಮೀನು ತಿಂದೂ ಟ್ರೈಗ್ಲಿಸರೈಡ್ 400 ಇರುವವರನ್ನು ನಾನು ತುಂಬಾ ಜನ ನೋಡಿದ್ದೇನೆ.

ಯಾಕೆ ಅಂದರೆ ನಮ್ಮ ಟ್ರೈಗ್ಲಿಸರೈಡ್ ಬರುವುದು ಎಣ್ಣೆಗಿಂತ ಹೆಚ್ಚಾಗಿ ಅಕ್ಕಿ, ಸಕ್ಕರೆ, ಹೆಂಡ, ಹೊಟ್ಟೆಯ ಬೊಜ್ಜಿನಿಂದ. ಮೈಗೆ ಬೇಕಾದ್ದಕ್ಕಿಂತ ಜಾಸ್ತಿ ಬಂದ ಸಕ್ಕರೆಯನ್ನು ಲಿವರ್ ಕೊಬ್ಬು ಮಾಡಿ ರಕ್ತಕ್ಕೆ ಕಳಿಸುತ್ತದೆ. ಇದು ನಿಮ್ಮೊಬ್ಬರ ಕಥೆ ಅಲ್ಲ. ಐಸಿಎಂಆರ್-ಇಂಡಿಯಾಬ್ ಅಧ್ಯಯನದವರು ಮೂರು ರಾಜ್ಯ ಮತ್ತು ಚಂಡೀಗಢದಲ್ಲಿ ನೋಡಿ 2014ರಲ್ಲಿ ಪ್ರಕಟಿಸಿದ ಅಂಕಿಯಂತೆ, ಸುಮಾರು ಶೇ 30 ಜನರಿಗೆ ಟ್ರೈಗ್ಲಿಸರೈಡ್ ಜಾಸ್ತಿ, ಶೇ 72 ಜನರಿಗೆ ಒಳ್ಳೆಯ ಕೊಲೆಸ್ಟ್ರಾಲ್ ಆದ ಎಚ್‌ಡಿಎಲ್ ಕಡಿಮೆ. ನಿಮ್ಮ 312 ಮತ್ತು 35 ಅದೇ ಜೋಡಿ.

ಹಾಗಾಗಿ ನಿಮ್ಮ ವಿಷಯದಲ್ಲಿ ನಾನು ಮೊದಲು ಕೈ ಹಾಕುವುದು ಶುಗರ್‌ಗೆ. 8.1 ಇದ್ದಷ್ಟು ದಿನ ಟ್ರೈಗ್ಲಿಸರೈಡ್ ಕೆಳಗಿಳಿಯಲು ಒಪ್ಪುವುದಿಲ್ಲ. ಮಾತ್ರೆ ಸಾಲದಿದ್ದರೆ ಬದಲಿಸಬೇಕು, ಡಾಕ್ಟರನ್ನು ಕೇಳಿ. ಎರಡನೆಯದು ಡ್ರಿಂಕ್ಸ್. ವಾರಕ್ಕೆ ಎರಡೇ ಸಲ ಅಂತೀರಿ. ಆ ರಾತ್ರಿ ಲಿವರ್ ಕೊಬ್ಬು ಉರಿಸುವುದನ್ನು ಬಿಟ್ಟು ಕೊಬ್ಬು ಕಟ್ಟುತ್ತಾ ಕೂರುತ್ತದೆ, ಜೊತೆಗೆ ಕರಿದ ತಿಂಡಿ ಬೇರೆ. ಎರಡು ತಿಂಗಳು ಪೂರ್ತಿ ಬಿಟ್ಟು ನೋಡಿ. ಕೆಲವರಲ್ಲಿ ಇದೊಂದರಿಂದಲೇ ಅಂಕಿ ಬಿದ್ದುಹೋಗುವುದನ್ನು ನೋಡಿದ್ದೇನೆ. ಮೂರನೆಯದು ಸಂಜೆ ಅಂಗಡಿಗೆ ತರಿಸುವ ಮಂಡಕ್ಕಿ-ಮಿರ್ಚಿ, ದಿನಕ್ಕೆ ನಾಲ್ಕು ಸಲದ ಸಕ್ಕರೆ ಚಹಾ. ಇದನ್ನು ನೀವು ಬರೆದಿಲ್ಲ, ದಾವಣಗೆರೆ ಅಂದಿದ್ದರಿಂದ ಊಹಿಸಿದೆ, ತಪ್ಪಿದ್ದರೆ ಕ್ಷಮಿಸಿ. ಊಟದಲ್ಲಿ ಅನ್ನ ಅರ್ಧ ಮಾಡಿ, ಆ ಜಾಗಕ್ಕೆ ಕಾಳಿನ ಪಲ್ಯ, ಸೊಪ್ಪು ಬರಲಿ. ಜೋಳದ ರೊಟ್ಟಿ ಒಳ್ಳೆಯದು ಅಂತ ನಾಲ್ಕು ತಿಂದರೆ ಅದೂ ಹಿಟ್ಟೇ. ಊಟವಾದ ಮೇಲೆ ಅರ್ಧ ಗಂಟೆ ಚುರುಕಾಗಿ ನಡೆಯಿರಿ. ತೂಕ ಜಾಸ್ತಿ ಇದ್ದರೆ ಇರುವ ತೂಕದಲ್ಲಿ ಶೇ 5ರಿಂದ 10 ಇಳಿಸಿದರೂ ಟ್ರೈಗ್ಲಿಸರೈಡ್ ಐದರಲ್ಲಿ ಒಂದು ಪಾಲು ಇಳಿಯುತ್ತದೆ. 80 ಕಿಲೋ ಇರುವವರಿಗೆ ಅದು 4ರಿಂದ 8 ಕಿಲೋ. 13 ಕ್ಯಾಪ್ಸೂಲಿನ ಕೆಲಸವನ್ನು ಅದು ಮಾಡುತ್ತದೆ, ಶುಗರ್, ಬಿಪಿ ಎರಡಕ್ಕೂ ಅನುಕೂಲ.

ಥೈರಾಯ್ಡ್‌ನ ಟಿಎಸ್‌ಎಚ್ ಮತ್ತು ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ ಮಾಡಿಸಿಲ್ಲದಿದ್ದರೆ ಒಮ್ಮೆ ಮಾಡಿಸಿ. ಥೈರಾಯ್ಡ್ ನಿಧಾನವಾದರೂ ಕಿಡ್ನಿ ಕೆಟ್ಟರೂ ರಕ್ತದಲ್ಲಿ ಕೊಬ್ಬು ಏರುತ್ತದೆ. ಸ್ಟೆರಾಯ್ಡ್ ಮಾತ್ರೆ, ಕೆಲವು ಬಿಪಿ ಮಾತ್ರೆಗಳಿಂದಲೂ ಏರಬಹುದು. ಬೇರೆ ಯಾವ ಮಾತ್ರೆ ತಗೊಳ್ಳುತ್ತಿದ್ದರೂ ಚೀಟಿಗಳನ್ನೆಲ್ಲ ಡಾಕ್ಟರಿಗೆ ತೋರಿಸಿ.

ಡಬ್ಬಿಯನ್ನು ಏನು ಮಾಡುವುದು? ನಿಮ್ಮ ಮನೆಯಲ್ಲಿ ಅದರಿಂದ ಮನಸ್ತಾಪ ಆಗುತ್ತಿದ್ದರೆ, ಸುಮ್ನೆ ಬಿಟ್ಟುಬಿಡಿ. ನೀವು ಕಳೆದುಕೊಳ್ಳುವುದು ಏನೂ ಇಲ್ಲ. ಅಕ್ಕನ ಮಗ ಕೇಳಿದರೆ ಈ ಉತ್ತರ ತೋರಿಸಿ. ಬೇರೆ ಯಾರಿಗಾದರೂ ಕೊಡುವ ಮುಂಚೆ ಒಂದು ಕ್ಯಾಪ್ಸೂಲನ್ನು ಸೂಜಿಯಿಂದ ಚುಚ್ಚಿ ಮೂಸಿ ನೋಡಿ. ತಾಜಾ ಮೀನೆಣ್ಣೆಗೆ ಸಣ್ಣ ಮೀನು ವಾಸನೆ ಇರುತ್ತದೆ, ಅಷ್ಟೆ. ಹಳೆಯ ಬಣ್ಣದ ಡಬ್ಬಿ ತೆರೆದ ಹಾಗೆ ಘಾಟು ಹೊಡೆದರೆ ಎಣ್ಣೆ ಕೆಟ್ಟಿದೆ, ಎಸೆಯಿರಿ. ನಮ್ಮ ಬೇಸಿಗೆಯಲ್ಲಿ ಬಿಸಿಲಿಗೆ ಬಿದ್ದ ಡಬ್ಬಿಗಳಿಗೆ ಹೀಗಾಗುವುದು ಸಾಮಾನ್ಯ.

ಸ್ಟ್ಯಾಟಿನ್ ಶುರು ಮಾಡಿ ಎಂಟು ವಾರ ಆದ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ. 12 ಗಂಟೆ ಖಾಲಿ ಹೊಟ್ಟೆ, ನೀರು ಕುಡಿಯಬಹುದು. ಹಿಂದಿನ ರಾತ್ರಿ ಮದುವೆ ಊಟವೋ ಡ್ರಿಂಕ್ಸೋ ಇದ್ದರೆ ಪರೀಕ್ಷೆಯನ್ನು ಮೂರು ದಿನ ಮುಂದೂಡಿ. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆದರೆ ಬರುವ ಅಂಕಿಯನ್ನೂ ಬರೆದಿಡಿ. ಈಗ ಅದು ನಿಮಗೆ 203. ಟ್ರೈಗ್ಲಿಸರೈಡ್ ಜಾಸ್ತಿ ಇರುವವರಲ್ಲಿ ರಕ್ತನಾಳಕ್ಕೆ ಅಪಾಯ ಎಷ್ಟು ಅಂತ ಹೇಳುವುದು ಅದೇ ಅಂಕಿ. ಎಂಟು ವಾರ ಆದ ಮೇಲೆ ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟುಕೊಂಡು ಮತ್ತೆ ಬರೆಯಿರಿ, ನೋಡಿ ಉತ್ತರಿಸುತ್ತೇನೆ.